ಲೋಮನಾಳದಲ್ಲಿ ಆಮ್ಲದ ಓಟ

ಕೇಳುಗರಿಗೆ ನಮಸ್ಕಾರ.

ಅಂಗಡಿಯಿಂದ ತಂದ ಉಪ್ಪಿನಕಾಯಿ ಬಾಟಲಿಯ ಚೀಟಿ ಓದಿದ್ದೀರಾ? ಅದರಲ್ಲಿ ಎಷ್ಟೋ ಸಲ ಸೋಡಿಯಂ ಬೆಂಜೊಯೇಟ್ ಅಂತ ಇರುತ್ತದೆ. ಬೂಷ್ಟು ಹಿಡಿಯದಂತೆ ಕಾಯುವ ವಸ್ತು ಅದು. ಆದರೆ ಹುಳಿ ಇದ್ದಲ್ಲಿ ಮಾತ್ರ ಅದರ ಆಟ ನಡೆಯುತ್ತದೆ. ಹುಳಿಯಲ್ಲಿ ಅದು ಪ್ರೋಟಾನನ್ನು ಹಿಡಿದುಕೊಂಡು ಬೆಂಜೊಯಿಕ್ ಆಮ್ಲವಾಗುತ್ತದೆ. ಚಾರ್ಜ್ ಇಲ್ಲದ ಆ ರೂಪವೇ ಬೂಷ್ಟಿನ ಜೀವಕೋಶದೊಳಗೆ ಸುಲಭವಾಗಿ ನುಗ್ಗುವುದು. ಹುಳಿಯ ಅಳತೆಯಾದ ಪಿಎಚ್ 4.2 ಇದ್ದಾಗ ಅರ್ಧ ಅಣುಗಳು ಪ್ರೋಟಾನ್ ಹಿಡಿದಿರುತ್ತವೆ, ಅರ್ಧ ಬಿಟ್ಟಿರುತ್ತವೆ. ಈ 4.2 ಅನ್ನೇ ಆ ಆಮ್ಲದ ಪಿಕೆಎ ಎನ್ನುತ್ತಾರೆ.

ಇದನ್ನು ಅಳೆಯುವುದು ಹೇಗೆ? ಬ್ಯೂರೆಟ್ ಹಿಡಿದು ಟೈಟ್ರೇಶನ್ ಮಾಡಬಹುದು, ಅಂದರೆ ಆಮ್ಲಕ್ಕೆ ಹನಿಹನಿಯಾಗಿ ಕ್ಷಾರ ಸೇರಿಸುತ್ತಾ ಪಿಎಚ್ ನೋಡಬಹುದು. ಆದರೆ ಅದಕ್ಕೆ ಶುದ್ಧ ವಸ್ತು ಬೇಕು, ತೂಕ ಸರಿಯಾಗಿ ಗೊತ್ತಿರಬೇಕು. ಹೊಸ ಔಷಧಿ ಒಂದೆರಡು ಮಿಲಿಗ್ರಾಂ ಮಾತ್ರ ಇದ್ದು, ಅದೂ ನೀರಿನಲ್ಲಿ ಸರಿಯಾಗಿ ಕರಗದಿದ್ದರೆ? ಅಂಥ ಕಡೆ ನನಗೆ ತುಂಬ ಇಷ್ಟವಾದ ದಾರಿ ಕ್ಯಾಪಿಲರಿ ಎಲೆಕ್ಟ್ರೊಫೊರೆಸಿಸ್, ಅಂದರೆ ಸಣ್ಣ ಕೊಳವೆಯಲ್ಲಿ ಚಾರ್ಜ್ ಇರುವ ಕಣಗಳನ್ನು ವಿದ್ಯುತ್ತಿನಿಂದ ಓಡಿಸುವುದು.

ಕ್ಯಾಪಿಲರಿ ಅಂದರೆ ಲೋಮನಾಳ. ಹೆಸರೇ ಹೇಳುವಂತೆ ಕೂದಲೆಳೆಯಂಥ ಸಿಲಿಕಾ ಕೊಳವೆ. ಒಳಗಿನ ತೂತು 50 ಅಥವಾ 75 ಮೈಕ್ರೋಮೀಟರ್. ಎರಡೂ ತುದಿಗಳನ್ನು ಪಿಎಚ್ ಬದಲಾಗದಂತೆ ಹಿಡಿದಿಡುವ ಬಫರ್ ದ್ರಾವಣದಲ್ಲಿ ಅದ್ದಿ, 25,000 ವೋಲ್ಟ್ ಹಾಕುತ್ತಾರೆ. ಕೊಳವೆ ಇಷ್ಟು ಸಣ್ಣದಾಗಿರುವುದರಿಂದಲೇ ಬಿಸಿ ಬೇಗ ಹೊರಗೆ ಹೋಗುತ್ತದೆ. 1981ರಲ್ಲಿ ಅಮೆರಿಕದ ಜೋರ್ಗೆನ್ಸನ್ ಮತ್ತು ಲುಕಾಕ್ಸ್ ತೋರಿಸಿಕೊಟ್ಟಿದ್ದು ಇದನ್ನೇ.

ಸಿಲಿಕಾ ಗೋಡೆಗೆ ಋಣ ಚಾರ್ಜ್ ಇರುತ್ತದೆ. ಹಾಗಾಗಿ ಗೋಡೆಯ ಪಕ್ಕ ಧನ ಅಯಾನುಗಳು ಸೇರಿಕೊಳ್ಳುತ್ತವೆ, ಅವು ಎಳೆದುಕೊಂಡು ಹೋಗುವುದರಿಂದ ಒಳಗಿನ ದ್ರವವೆಲ್ಲ ಹೊಳೆಯಂತೆ ಋಣ ತುದಿಯ ಕಡೆಗೆ ಹರಿಯುತ್ತದೆ. ಪ್ರೋಟಾನ್ ಬಿಟ್ಟು ಋಣ ಚಾರ್ಜ್ ಹೊತ್ತ ಬೆಂಜೊಯೇಟ್ ಅಯಾನು ಧನ ತುದಿಯ ಕಡೆಗೆ ಈಜುತ್ತದೆ. ಹೊಳೆಯ ಸೆಳೆತವೇ ಜಾಸ್ತಿ, ಹಾಗಾಗಿ ಅದೂ ಕೊಚ್ಚಿಕೊಂಡು ಬರುತ್ತದೆ. ಆದರೆ ತಡವಾಗಿ. ಜೊತೆಗೆ ಚಾರ್ಜ್ ಇಲ್ಲದ ಅಸಿಟೋನ್ ಬಿಟ್ಟರೆ ಬರೀ ಹೊಳೆಯ ವೇಗ ಸಿಗುತ್ತದೆ.

ಒಂದು ಲೆಕ್ಕ ನೋಡೋಣ. ವೋಲ್ಟ್ ಅದೇ 25,000, ಕೊಳವೆ 60 ಸೆಂಟಿಮೀಟರ್, ಬೆಳಕು ಹಾಯಿಸಿ ನೋಡುವ ಜಾಗ 50ರಲ್ಲಿ. ಅಸಿಟೋನ್ 180 ಸೆಕೆಂಡಿಗೆ ಬಂತು, ಬೆಂಜೊಯೇಟ್ 330ಕ್ಕೆ ಎಂದುಕೊಳ್ಳಿ. ಅಂದರೆ ಸೆಂಟಿಮೀಟರಿಗೆ ಒಂದು ವೋಲ್ಟ್ ಇದ್ದರೆ ಆ ಅಯಾನು ಸೆಕೆಂಡಿಗೆ ಸುಮಾರು 0.0003 ಸೆಂಟಿಮೀಟರ್ ಓಡುತ್ತದೆ. ಇದೇ ಅದರ ಮೊಬಿಲಿಟಿ.

ಈಗ ಬಫರಿನ ಪಿಎಚ್ ಇಳಿಸುತ್ತಾ ಹೋಗಿ. ಹೊಳೆಯೂ ನಿಧಾನವಾಗುತ್ತದೆ, ಒಮ್ಮೊಮ್ಮೆ ಒತ್ತಡ ಹಾಕಿ ತಳ್ಳಬೇಕು. 4.2ರ ಹತ್ತಿರ ಆಮ್ಲದ ಓಟ ಅರ್ಧಕ್ಕೆ ಇಳಿದಿರುತ್ತದೆ. ಓಟ ಅರ್ಧವಾಗುವ ಆ ಪಿಎಚ್ಚೇ ಪಿಕೆಎ. ಅರ್ಧ ಅಣುಗಳು ಓಡಿ ಉಳಿದರ್ಧ ನಿಂತಿವೆ ಅಂತಲ್ಲ. ಹಾಗಾಗಿದ್ದರೆ ಎರಡು ಗುಂಪು ಕಾಣಬೇಕಿತ್ತು, ಅಲ್ವಾ? ಒಂದೊಂದು ಅಣುವೂ ಸೆಕೆಂಡಿನಲ್ಲಿ ಲೆಕ್ಕವಿಲ್ಲದಷ್ಟು ಸಲ ಪ್ರೋಟಾನ್ ಹಿಡಿಯುತ್ತದೆ, ಬಿಡುತ್ತದೆ. ಬಿಟ್ಟಿದ್ದಷ್ಟು ಹೊತ್ತು ಮಾತ್ರ ಈಜುತ್ತದೆ. ನಮಗೆ ಕಾಣುವುದು ಒಟ್ಟು ಸರಾಸರಿ. ಬರೀ ಗಡಿಯಾರ ನೋಡಿ ಇದನ್ನು ತಿಳಿಯಬಹುದು ಎಂಬುದು ನನಗೆ ಇವತ್ತಿಗೂ ಬೆರಗು.

ಓಟದ ಸಮಯವಷ್ಟೇ ಸಾಕು, ತೂಕ ಬೇಕಿಲ್ಲ. ಕಲಬೆರಕೆ ಇದ್ದರೂ ಸಾಮಾನ್ಯವಾಗಿ ಅದು ಬೇರೆ ವೇಗದಲ್ಲಿ ಓಡಿ ಪಕ್ಕಕ್ಕೆ ಸರಿಯುತ್ತದೆ.

ಆದರೆ ಉಷ್ಣತೆಯ ಮೇಲೆ ಕಣ್ಣಿಡಬೇಕು. ಒಂದು ಡಿಗ್ರಿ ಏರಿದರೂ ನೀರು ತೆಳುವಾಗಿ ಓಟ ಸುಮಾರು ನೂರಕ್ಕೆ ಎರಡರಷ್ಟು ಹೆಚ್ಚುತ್ತದೆ. ಬಫರಿನಲ್ಲಿರುವ ಉಪ್ಪೂ ಸುಮ್ನೆ ಇರುವುದಿಲ್ಲ. ಅದರಿಂದಾಗಿ ಬೆಂಜೊಯಿಕ್ ಆಮ್ಲಕ್ಕೆ ಮೊದಲು ಸಿಗುವ ಅಂಕಿ 4.1ರ ಹತ್ತಿರ ಇರುತ್ತದೆ. ವಿಜ್ಞಾನಿಗಳಾದ ಡಿಬೈ ಮತ್ತು ಹುಕೆಲ್ ಕೊಟ್ಟ ಸೂತ್ರದಿಂದ ತಿದ್ದಿದ ಮೇಲೆ ಅದು 4.2ಕ್ಕೆ ಬಂದು ಕೂರುತ್ತದೆ.

ನಮಸ್ಕಾರ.