ಮೊದಲು ಕುರಿ, ಆಮೇಲೆ ಕಂಬಳಿ

ಕೇಳುಗರಿಗೆ ನಮಸ್ಕಾರ. ಕಂಬಳಿ ನೇಯ್ಗೆಯ ಬಗ್ಗೆ ಮಾತಾಡಿ ಅಂದಿದ್ದಾರೆ ರೇಡಿಯೊದವರು. ಮಗ್ಗದ ಮಾತು ಆಮೇಲೆ. ಮೊದಲು ಕುರಿ.

ನಮ್ಮ ಬಯಲುಸೀಮೆಯ ಕುರುಬರು ಮೇವು ಹುಡುಕುತ್ತಾ ತಿಂಗಳುಗಟ್ಟಲೆ ಊರೂರು ಅಲೆಯುತ್ತಾರೆ. ರಾತ್ರಿ ರೈತರ ಹೊಲದಲ್ಲಿ ಮಂದೆ ತರುಬುತ್ತಾರೆ. ಗೊಬ್ಬರಕ್ಕೆ ಬದಲಾಗಿ ಕಾಳೋ ದುಡ್ಡೋ ಸಿಗುತ್ತದೆ. ಅವರ ಹಳೆಯ ಜೊತೆಗಾರ ದಖನಿ ಕುರಿ. ಉಣ್ಣೆ ಒರಟು, ಹೆಚ್ಚಾಗಿ ಕಪ್ಪು. ವರ್ಷಕ್ಕೆ ಎರಡು ಸಲ ಕತ್ತರಿಸುತ್ತಾರೆ. ಹೆಂಗಸರು ನೂಲುತ್ತಾರೆ, ಗಂಡಸರು ಗುಂಡಿ ಮಗ್ಗದಲ್ಲಿ ನೇಯುತ್ತಾರೆ. ಕಂಬಳಿಯ ಕಪ್ಪು ಕುರಿಯದ್ದೇ ಕಪ್ಪು. "ಮೈಗೆ ಚುಚ್ಚುತ್ತೆ ಸಾರ್" ಅನ್ನುತ್ತಾರೆ ಪೇಟೆಯವರು. ಚುಚ್ಚಲಿ ಬಿಡಿ! ಕಂಬಳಿಯನ್ನು ಕೊಪ್ಪೆ ಮಡಿಸಿ ತಲೆ ಮೇಲೆ ಹಾಕಿ ಮಳೆಯಲ್ಲಿ ನಿಂತವರನ್ನು ಕೇಳಿ.

ಒಂದು ಸಲ ಚಳ್ಳಕೆರೆಯಲ್ಲಿ ಕಾಲೇಜು ಹುಡುಗನೊಬ್ಬ ಹೊಸ ಕಂಬಳಿ ಹಿಡಿದು ಬಂದ. ಬಲು ಸೋವಿ, ಬಲು ಮೆತ್ತಗೆ. ಅಲ್ಲಿದ್ದ ನೇಕಾರ ಅಜ್ಜ ಸುಮ್ನೆ ಅದರ ಅಂಚಿನಿಂದ ಒಂದು ಎಳೆ ಕಿತ್ತರು, ಕಡ್ಡಿ ಗೀರಿದರು. ಎಳೆ ಕರಗಿ, ಮುದುಡಿ, ಗಟ್ಟಿ ಮಣಿಯಾಯಿತು. ಪ್ಲಾಸ್ಟಿಕ್ ವಾಸನೆ. ಆಮೇಲೆ ತಮ್ಮ ಹೆಗಲ ಕಂಬಳಿಯಿಂದ ಒಂದು ಎಳೆ. ಅದು ಚುರುಚುರು ಅಂತ ಸುಟ್ಟು ತಾನೇ ಆರಿತು. ಕೂದಲು ಸುಟ್ಟ ವಾಸನೆ. ಬೆರಳಲ್ಲಿ ಹೊಸೆದರೆ ಪುಡಿ ಪುಡಿ. "ಇದನ್ನ ಕುರಿ ಕೊಟ್ಟಿತು. ಅದು ಯಾವ ಪ್ರಾಣೀದಪ್ಪಾ?" ಅಂದರು. ಹುಡುಗ ಇನ್ನೊಂದು ಎಳೆ ಸುಡಲು ಹೊರಟ. "ಸಾಕು ಬಿಡಪ್ಪಾ, ಕಂಬಳಿ ಎಲ್ಲಾ ಸುಟ್ಟುಬಿಟ್ಟೀಯ" ಎಂದು ಅಜ್ಜ ಕಡ್ಡಿಪೆಟ್ಟಿಗೆ ಕಿತ್ತುಕೊಂಡರು. ಈ ಕಥೆ ಹೇಳಲು ನನಗೆ ಬಹಳ ಇಷ್ಟ. ಸಮಯ ಜಾಸ್ತಿ ತಿಂದಿತು, ಇರಲಿ.

ಈಗ ಮಾಂಸಕ್ಕೆ ಬೆಲೆ, ಉಣ್ಣೆಗಿಲ್ಲ. ಕತ್ತರಿಸುವ ಕೂಲಿಯೂ ಹುಟ್ಟದೆ ಎಷ್ಟೋ ಕಡೆ ಉಣ್ಣೆಯನ್ನು ಬಿಸಾಡುತ್ತಾರೆ. ಉಣ್ಣೆಯಿಲ್ಲದ ಎತ್ತರದ ಕೆಂಪು ಕುರಿ ಮಂದೆಗೆ ಬಂದಿದೆ. ತಪ್ಪೇನು, ಅವರೂ ಬದುಕಬೇಕಲ್ವಾ? ಆದರೆ ಮಗ್ಗ ಕೊಡುತ್ತೇವೆ, ತರಬೇತಿ ಕೊಡುತ್ತೇವೆ, ಹೊಸ ಡಿಸೈನ್ ಕೊಡುತ್ತೇವೆ ಅನ್ನುವವರನ್ನು ನಾನು ಕೇಳುವುದು ಒಂದೇ: ಸ್ವಾಮಿ, ಕುರಿ ಎಲ್ಲಿ? ಕರಿ ಉಣ್ಣೆಗೆ ಒಳ್ಳೆಯ ಬೆಲೆ ಕೊಡಿ. ಕುರಿ ಉಳಿಯುತ್ತದೆ, ಮಗ್ಗ ತಾನಾಗಿ ಆಡುತ್ತದೆ.

ಹುಣಸೆ ಬೀಜದ ಗಂಜಿಯ ಬಗ್ಗೆ ಹೇಳಬೇಕಿತ್ತು. ಬೀಜ ಅರೆದು, ಕುದಿಸಿ, ಹಾಸಿನ ನೂಲಿಗೆ, ಅಂದರೆ ಮಗ್ಗದಲ್ಲಿ ಉದ್ದಕ್ಕೆ ಬಿಗಿಯುವ ಎಳೆಗಳಿಗೆ, ಬಳಿಯುತ್ತಾರೆ. ನೂಲು ಬಿಗಿಯಾಗುತ್ತದೆ. ಮೈಲಾರಲಿಂಗನ ಭಕ್ತ ಗೊರವಯ್ಯನ ಕರಿ ಕಂಬಳಿ, ಮದುವೆಯಲ್ಲಿ ಹಾಸುವ ಕಂಬಳಿ, ಅದೆಲ್ಲ ಇನ್ನೊಮ್ಮೆ. ಸಮಯ ಆಯ್ತು ಅಂತ ಗಾಜಿನಾಚೆಯಿಂದ ಕೈ ತೋರಿಸುತ್ತಿದ್ದಾರೆ. ಸಂತೆಯಲ್ಲಿ ಕಂಬಳಿ ಕೊಳ್ಳುವಾಗ ಉಣ್ಣೆ ಯಾವ ಕುರಿಯದ್ದು ಅಂತ ಕೇಳಿ. ನಮಸ್ಕಾರ.