ಪೋಸ್ಟ್‌ಮಾಸ್ಟರರ ಬಾಗಿಲ ಮೇಲಿನ ಚಿತ್ರ

ಕೇಳುಗರಿಗೆ ನಮಸ್ಕಾರ.

ಅಂಚೆ ಕಚೇರಿಗೆ ಯಾರೂ ಚಿತ್ರ ನೋಡಲೆಂದು ಹೋಗುವುದಿಲ್ಲ. ಹೋಗುವುದು ಅಂಚೆಚೀಟಿಗೆ, ಮನಿಯಾರ್ಡರಿಗೆ. ಆದರೆ ಸಾಲಿನಲ್ಲಿ ನಿಂತವರ ಕಣ್ಣು ಸುಮ್ಮನಿರುವುದಿಲ್ಲ, ಗೋಡೆಯ ಮೇಲೆ ಅಲೆಯುತ್ತಿರುತ್ತದೆ. 1930ರ ದಶಕದಲ್ಲಿ ಅಮೆರಿಕದ ಸರ್ಕಾರ ಈ ಅಲೆದಾಡುವ ಕಣ್ಣನ್ನೇ ನೆಚ್ಚಿಕೊಂಡು ಒಂದು ಕೆಲಸಕ್ಕೆ ಕೈಹಾಕಿತು.

ಅದು ಮಹಾ ಆರ್ಥಿಕ ಕುಸಿತದ ಕಾಲ. ಜನರಿಗೆ ಕೆಲಸ ಸಿಗಲೆಂದು ಸಣ್ಣಪುಟ್ಟ ಊರುಗಳಲ್ಲೂ ಅಂಚೆ ಕಚೇರಿಗಳು ಎದ್ದವು. ನಕ್ಷೆ ವಾಷಿಂಗ್ಟನ್ನಿನಿಂದ ಬರುತ್ತಿತ್ತು: ಇಟ್ಟಿಗೆ ಗೋಡೆ, ಆಡಂಬರವಿಲ್ಲದ ಮುಂಭಾಗ, ಒಳಗೊಂದು ಉದ್ದನೆಯ ಹಜಾರ. ಒಂದನ್ನು ನೋಡಿದವರಿಗೆ ಹತ್ತನ್ನು ನೋಡಿದಂತೆ. ಊರಿನ ಗುರುತು ಕಾಣುತ್ತಿದ್ದುದು ಒಳಗಿನ ಚಿತ್ರದಲ್ಲಿ. 1934ರಲ್ಲಿ ಖಜಾನೆ ಇಲಾಖೆಯಲ್ಲಿ ಚಿತ್ರ ಮತ್ತು ಶಿಲ್ಪಕ್ಕೆಂದೇ ಒಂದು ವಿಭಾಗ ತೆರೆದರು. ಕಟ್ಟಡದ ವೆಚ್ಚದಲ್ಲಿ ಸುಮಾರು ಶೇಕಡ 1ರಷ್ಟು ಕಲೆಗೆ ಮೀಸಲು. 1943ರಲ್ಲಿ ವಿಭಾಗ ಮುಚ್ಚುವಷ್ಟರಲ್ಲಿ ಸಾವಿರಕ್ಕೂ ಹೆಚ್ಚು ಕೃತಿಗಳು ಸಿದ್ಧವಾಗಿದ್ದವು.

ಇವನ್ನು ಇಂದಿಗೂ ಡಬ್ಲ್ಯುಪಿಎ ಚಿತ್ರಗಳೆಂದು ಕರೆಯುವವರೇ ಹೆಚ್ಚು. ಅದು ತಪ್ಪು. ಡಬ್ಲ್ಯುಪಿಎ, ಅಂದರೆ ವರ್ಕ್ಸ್ ಪ್ರೋಗ್ರೆಸ್ ಅಡ್ಮಿನಿಸ್ಟ್ರೇಷನ್, ಹೊಟ್ಟೆಪಾಡಿಗೆ ಕೂಲಿ ಕೊಡುತ್ತಿದ್ದ ಬೇರೆಯೇ ಸರ್ಕಾರಿ ಯೋಜನೆ. ಇಲ್ಲಿ ನಡೆಯುತ್ತಿದ್ದುದು ಹೆಚ್ಚಾಗಿ ಸ್ಪರ್ಧೆ, ಅದೂ ಹೆಸರು ಬರೆಯದ ಕರಡುಚಿತ್ರಗಳ ನಡುವೆ.

ಚಿತ್ರದ ಜಾಗ ಸಾಮಾನ್ಯವಾಗಿ ಪೋಸ್ಟ್‌ಮಾಸ್ಟರರ ಕೋಣೆಯ ಬಾಗಿಲ ಮೇಲೆ. ಬಾಗಿಲ ಚೌಕಟ್ಟಿಗೆ ಎಡೆಬಿಟ್ಟು ಹೊಲ, ಕುದುರೆ, ಜನರನ್ನೆಲ್ಲ ಹೊಂದಿಸುವುದು ಚಿತ್ರಕಾರನ ಪಾಡು. ತನ್ನ ಮನೆಯಲ್ಲೇ ಕ್ಯಾನ್ವಾಸಿನ ಮೇಲೆ ಬರೆದು, ಸುರುಳಿ ಸುತ್ತಿ ತಂದು ಗೋಡೆಗೆ ಅಂಟಿಸುತ್ತಿದ್ದ.

ಊರು ಒಪ್ಪದಿದ್ದರೆ? ಐಡಹೋ ರಾಜ್ಯದ ಕೆಲಾಗ್ ಗಣಿಗಳ ಊರು. 1939ರ ಸ್ಪರ್ಧೆಯಲ್ಲಿ ಆ ಊರಿಗೆಂದು ಗೆದ್ದದ್ದು ಫ್ಲೆಚರ್ ಮಾರ್ಟಿನ್ ಬರೆದ ಕರಡು. ಗಾಯಗೊಂಡ ಗಣಿ ಕಾರ್ಮಿಕನನ್ನು ಸ್ಟ್ರೆಚರಿನಲ್ಲಿ ಮಲಗಿಸಿ ಸಂಗಾತಿಗಳು ಹೊತ್ತು ತರುತ್ತಿದ್ದಾರೆ. ಕಾರ್ಮಿಕ ಸಂಘದವರು ಮೆಚ್ಚಿದರು: ನಮ್ಮ ಬಾಳೇ ಇದು ಎನ್ನುವಂತಿತ್ತು. ಗಣಿ ಉದ್ಯಮದವರಿಗೆ ಹಿಡಿಸಲಿಲ್ಲ. ಕಾಗದ ಹಾಕಲು ಬಂದವರೆಲ್ಲ ಗಣಿಯ ಅಪಘಾತವನ್ನು ದಿನವೂ ನೋಡುವುದು ಯಾವ ಮಾಲೀಕನಿಗೆ ತಾನೇ ಬೇಕು?

ಮಾರ್ಟಿನ್ ಬೇರೆ ಚಿತ್ರ ಬರೆದುಕೊಟ್ಟ. ಅದರಲ್ಲಿ ಇರುವುದು ಅದಿರು ಹುಡುಕುತ್ತ ಬಂದ ನೋವಾ ಕೆಲಾಗ್ ಮತ್ತು ಅವನ ಕತ್ತೆ. 1885ರಲ್ಲಿ ತಪ್ಪಿಸಿಕೊಂಡು ಹೋದ ಕತ್ತೆ ಸೀಸದ ಅದಿರಿನ ಬಂಡೆಯ ಬಳಿ ನಿಂತಿತ್ತು, ಅದನ್ನು ಹುಡುಕಿಕೊಂಡು ಹೋದವನಿಗೆ ಗಣಿಯೇ ಸಿಕ್ಕಿತು ಎಂಬುದು ಆ ಊರಿನ ಐತಿಹ್ಯ. ಕತ್ತೆ ಸ್ಥಾಪಿಸಿದ ಊರು, ಇಲ್ಲಿರುವವರು ಅದರ ವಂಶಸ್ಥರು ಎಂದು ಫಲಕ ಹಾಕಿಕೊಂಡು ತಮ್ಮನ್ನೇ ಗೇಲಿ ಮಾಡಿಕೊಂಡ ಜನ ಅವರು. ಕತ್ತೆಯ ಚಿತ್ರಕ್ಕೆ ತಕರಾರು ಬರಲಿಲ್ಲವೆಂದರೆ ಆಶ್ಚರ್ಯವೇನು?

ಸ್ಟ್ರೆಚರ್ ಹೊತ್ತವರ ಕರಡು ಈಗ ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಸಂಗ್ರಹದಲ್ಲಿದೆ. ಕೆಲಾಗ್‌ನ ಅಂಚೆ ಕಚೇರಿಯ ಗೋಡೆ ಏರಿದ್ದು ಕತ್ತೆ.