ಕನ್ನಡ ಅಕ್ಷರ ಒಡೆಯದಂತೆ ಪ್ರೆಸ್ಸಿಗೆ ಕಳಿಸುವುದು

ಕೇಳುಗರಿಗೆ ನಮಸ್ಕಾರ.

ಮದುವೆ ಸೀಸನ್ ಶುರುವಾಯಿತು ಅಂದರೆ ದಾವಣಗೆರೆಯ ಡಿಟಿಪಿ ಅಂಗಡಿಗಳಲ್ಲಿ ಕೂರಲು ಜಾಗ ಇರುವುದಿಲ್ಲ. ಲಗ್ನಪತ್ರಿಕೆ, ಸ್ವಾಗತದ ಬ್ಯಾನರ್, ಕಾರಿನ ಗಾಜಿಗೆ ಅಂಟಿಸುವ ಹೆಸರು, ಎಲ್ಲವೂ ನಾಳೆಯೇ ಬೇಕು. ಫೈಲು ಕೈಕೊಡುವುದೂ ಅದೇ ಹೊತ್ತಿಗೆ. ಬಣ್ಣ ತುಂಬುವುದಿಲ್ಲ, ಗೆರೆ ದಪ್ಪ ಆಗುತ್ತದೆ, ಅಕ್ಷರ ಒಡೆಯುತ್ತದೆ. ಇಂಥ ಹೊತ್ತಿನಲ್ಲಿ ಎಲ್ಲಿ ನೋಡಬೇಕು, ಏನು ಮಾಡಬೇಕು ಅನ್ನುವುದೇ ಇವತ್ತಿನ ಮಾತು. ಅದರಲ್ಲೂ ಕನ್ನಡ ಅಕ್ಷರದ ಬಗ್ಗೆ ಜಾಸ್ತಿ ಹೇಳುತ್ತೇನೆ. ನಮ್ಮ ಕಡೆ ಹೆಚ್ಚು ಫೈಲು ಕೆಡುವುದು ಅಲ್ಲೇ.

ಕೋರಲ್ ಡ್ರಾ, ಇಲ್ಲಸ್ಟ್ರೇಟರ್, ಇಂಕ್‌ಸ್ಕೇಪ್, ಇವೆಲ್ಲ ವೆಕ್ಟರ್ ಸಾಫ್ಟ್‌ವೇರ್‌ಗಳು. ಫೋಟೋ ಅಂದರೆ ಬಣ್ಣದ ಚುಕ್ಕೆಗಳು. ವೆಕ್ಟರ್ ಫೈಲಿನಲ್ಲಿ ಇರುವುದು ಕೆಲವು ಬಿಂದುಗಳು, ಅವುಗಳ ನಡುವೆ ಗೆರೆ ಎಷ್ಟು ಬಾಗಬೇಕು ಅನ್ನುವ ಲೆಕ್ಕ. ಆ ಬಿಂದುವಿಗೆ ನೋಡ್ ಅನ್ನುತ್ತೇವೆ. ಫ್ರಾನ್ಸಿನ ರೆನೋ ಕಂಪನಿಯಲ್ಲಿದ್ದ ಪಿಯರ್ ಬೆಜಿಯೆ ಎಂಬ ಎಂಜಿನಿಯರ್ 1960ರ ದಶಕದಲ್ಲಿ ಈ ಲೆಕ್ಕವನ್ನು ಕಾರಿನ ಮೈಗೆರೆ ಬರೆಯಲು ಬಳಸಿದರು. ನೀವು ದಿನಾ ಒತ್ತುವ ಬೆಜಿಯರ್ ಟೂಲಿನಲ್ಲಿರುವುದು ಅವರ ಹೆಸರೇ. ಎಲ್ಲವೂ ಲೆಕ್ಕ ಆಗಿರುವುದರಿಂದ ತಪ್ಪು ಎಲ್ಲಿದೆ ಅಂತ ಹುಡುಕಿ ಹಿಡಿಯಬಹುದು. ವೈರಸ್ ಬಂದಿದೆ ಅಂತ ಸುಮ್ನೆ ಸಿಸ್ಟಮ್ ಫಾರ್ಮ್ಯಾಟ್ ಮಾಡಿಸಬೇಡಿ.

ಮೊದಲು ಅಕ್ಷರದ ವಿಷಯ. ಚಿತ್ರದುರ್ಗದಲ್ಲಿ ಮಾಡಿದ ಫೈಲನ್ನು ದಾವಣಗೆರೆಯ ಪ್ರೆಸ್ಸಿನಲ್ಲಿ ತೆರೆಯುತ್ತೀರಿ. ಕನ್ನಡ ಅಂತ ಬರೆದಿದ್ದ ಕಡೆ ಇಂಗ್ಲಿಷಿನ ಪಿ, ಪೌಂಡಿನ ಗುರುತು, ಕ್ಯೂ, ನಡುನಡುವೆ ತಲೆ ಮೇಲೆ ಗೆರೆ ಇರುವ ಎ ಕಾಣಿಸುತ್ತವೆ. ಫೈಲು ಹಾಳಾಗಿಲ್ಲ, ಗಾಬರಿ ಬೇಡ. ಹಳೆಯ ನುಡಿ ಫಾಂಟುಗಳ ಒಳಗೆ ಇರುವುದೇ ಈ ಗುರುತುಗಳು. ಅವುಗಳಿಗೆ ಕನ್ನಡದ ರೂಪ ಕೊಡುವುದು ಫಾಂಟು. ಆ ಕಂಪ್ಯೂಟರಿನಲ್ಲಿ ಆ ಫಾಂಟು ಇಲ್ಲ, ಅಷ್ಟೇ. ಅದೇ ಹೆಸರಿನ ಫಾಂಟನ್ನು ಹಾಕಿ, ಸಾಫ್ಟ್‌ವೇರನ್ನು ಮುಚ್ಚಿ ಮತ್ತೆ ತೆರೆಯಿರಿ. ಅಕ್ಷರ ವಾಪಸ್ ಬರುತ್ತದೆ. ಫಾಂಟು ಇಲ್ಲ ಅಂತ ಫೈಲು ತೆರೆಯುವಾಗಲೇ ಒಂದು ಕಿಟಕಿ ಬರುತ್ತದೆ. ಅದನ್ನು ಓದದೆ ಓಕೆ ಒತ್ತಿದರೆ ಬೇರೆ ಯಾವುದೋ ಫಾಂಟು ಬಂದು ಕೂರುತ್ತದೆ. ಹಾಗೇ ಸೇವ್ ಮಾಡಿಬಿಟ್ಟರೆ ಮೊದಲು ಯಾವ ಫಾಂಟು ಇತ್ತು ಅಂತ ತಿಳಿಯುವುದೇ ಕಷ್ಟ.

ಯೂನಿಕೋಡ್ ಅಂದರೆ ಪ್ರತಿ ಕನ್ನಡ ಅಕ್ಷರಕ್ಕೂ ಅದರದೇ ಸಂಖ್ಯೆ ಇರುವ ವ್ಯವಸ್ಥೆ. ಅದರ ತೊಂದರೆ ಬೇರೆ ಥರ. ವಾಟ್ಸಾಪಿನಲ್ಲಿ ಬಂದ ಹೆಸರುಗಳನ್ನು ಕಾಪಿ ಮಾಡಿ ಹಾಕುತ್ತೀರಿ. ಬರೀ ಚೌಕಗಳು ಬಂದರೆ ನೀವು ಆರಿಸಿದ ಫಾಂಟಿನಲ್ಲಿ ಕನ್ನಡ ಇಲ್ಲ ಅಂತ ಅರ್ಥ. ಕನ್ನಡ ಇರುವ ಯೂನಿಕೋಡ್ ಫಾಂಟು ಆರಿಸಿ. ಅಕ್ಷರ ಬಂದು ಒತ್ತು ಮಾತ್ರ ಕೆಳಗೆ ಕೂರದೆ ಪಕ್ಕಕ್ಕೆ ಬಿದ್ದರೆ, ತಪ್ಪು ಫಾಂಟಿನದಲ್ಲ. ಆ ಸಾಫ್ಟ್‌ವೇರಿಗೆ ಕನ್ನಡ ಅಕ್ಷರ ಜೋಡಿಸಲು ಬರುತ್ತಿಲ್ಲ. ಹಳೆಯ ಕೋರಲ್ ಆವೃತ್ತಿಗಳಲ್ಲಿ ಇದು ಮಾಮೂಲು. ಅಲ್ಲಿ ಎರಡೇ ದಾರಿ: ಹೊಸ ಆವೃತ್ತಿ ಬಳಸಬೇಕು, ಇಲ್ಲವೇ ಪಠ್ಯವನ್ನು ಕನ್ವರ್ಟರಿನಲ್ಲಿ ನುಡಿ ಆಸ್ಕಿಗೆ, ಅಂದರೆ ಆಗಲೇ ಹೇಳಿದ ಹಳೆಯ ನುಡಿ ಫಾಂಟಿನ ಗುರುತುಗಳಿಗೆ, ಬದಲಿಸಿಕೊಂಡು ತರಬೇಕು. ಇಲ್ಲಸ್ಟ್ರೇಟರಿನಲ್ಲಿ ಆದರೆ ಪ್ರಿಫರೆನ್ಸಸ್ ಒಳಗಿನ ಟೈಪ್ ವಿಭಾಗದಲ್ಲಿ ಇಂಡಿಕ್ ಆಯ್ಕೆಗಳನ್ನು ಆನ್ ಮಾಡಿ. ಆಮೇಲೆ ಪ್ಯಾರಾಗ್ರಾಫ್ ಪ್ಯಾನೆಲಿನ ಮೆನುವಿನಲ್ಲಿ ಸೌತ್ ಏಷ್ಯನ್ ಕಂಪೋಸರ್ ಆರಿಸಿ. ಎಷ್ಟೋ ಜನಕ್ಕೆ ಈ ಜಾಗ ಇದೆ ಅಂತಲೇ ಗೊತ್ತಿರುವುದಿಲ್ಲ. ಇನ್ನೊಂದು, ಅಕ್ಷರಗಳ ನಡುವಿನ ಅಂತರ ಹಿಗ್ಗಿಸಿದಾಗಲೂ ಕೆಲವು ಕಡೆ ಒತ್ತಕ್ಷರ ಬಿಟ್ಟುಕೊಳ್ಳುತ್ತದೆ. ಅಂತರವನ್ನು ಸೊನ್ನೆಗೆ ತಂದು ನೋಡಿ.

ಈಗ ಪ್ರೆಸ್ಸಿಗೆ ಕಳಿಸುವ ಹೊತ್ತು. ಅಕ್ಷರಗಳನ್ನು ಕರ್ವ್ ಮಾಡಿ ಕಳಿಸಿ. ಕೋರಲ್‌ನಲ್ಲಿ ಕಂಟ್ರೋಲ್ ಕ್ಯೂ. ಇಂಕ್‌ಸ್ಕೇಪಿನಲ್ಲಿ ಶಿಫ್ಟ್ ಕಂಟ್ರೋಲ್ ಸಿ. ಇಲ್ಲಸ್ಟ್ರೇಟರಿನಲ್ಲಿ ಶಿಫ್ಟ್ ಕಂಟ್ರೋಲ್ ಓ. ಆಮೇಲೆ ಅದು ಅಕ್ಷರ ಅಲ್ಲ, ಬರೀ ಆಕಾರ. ಯಾವ ಊರಲ್ಲಿ ತೆರೆದರೂ ಬದಲಾಗುವುದಿಲ್ಲ. ಆದರೆ ಕರ್ವ್ ಮಾಡಿದ ಮೇಲೆ ಮದುಮಗನ ಹೆಸರಿನಲ್ಲಿ ಒಂದು ದೀರ್ಘ ತಪ್ಪಿದ್ದರೂ ಟೈಪ್ ಮಾಡಿ ತಿದ್ದಲು ಆಗುವುದಿಲ್ಲ. ಅದಕ್ಕೇ ಎರಡು ಫೈಲು ಇಟ್ಟುಕೊಳ್ಳಿ. ಟೈಪ್ ಮಾಡಿದ್ದು ಒಂದು, ಕರ್ವ್ ಮಾಡಿದ್ದು ಇನ್ನೊಂದು. ಹೆಸರಿನಲ್ಲೇ ಗೊತ್ತಾಗುವಂತೆ ಬರೆದಿಡಿ. ಇದನ್ನು ನಾನು ಎಲ್ಲರಿಗೂ ಪಟ್ಟು ಹಿಡಿದು ಹೇಳುತ್ತೇನೆ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ‘ಶ್ರೀ ದುರ್ಗಾಂಬಿಕಾ ದೇವಿ ಜಾತ್ರೆ’ ಅಂತ ಬ್ಯಾನರಿಗೆ ದೊಡ್ಡದಾಗಿ ಬರೆದಿದ್ದೀರಿ. ಕೆಂಪು ಅಕ್ಷರ, ಸುತ್ತ ದಪ್ಪ ಬಿಳಿ ಗೆರೆ. ನುಡಿ ಫಾಂಟಿನಲ್ಲಿ ಒತ್ತು, ಕೊಂಬು, ಇಳಿ ಇವೆಲ್ಲ ಬೇರೆ ಬೇರೆ ತುಂಡುಗಳು. ಒಂದರ ಮೇಲೆ ಒಂದು ಸ್ವಲ್ಪ ಹತ್ತಿ ಕೂತಿರುತ್ತವೆ. ಬಣ್ಣ ಒಂದೇ ಇದ್ದಾಗ ಗೊತ್ತಾಗುವುದಿಲ್ಲ. ಬಿಳಿ ಗೆರೆ ಹಾಕಿದ ಕೂಡಲೇ ಜಾತ್ರೆಯ ತ್ರೆ ಒಳಗೆ ಅಡ್ಡಡ್ಡ ಗೆರೆಗಳು ಎದ್ದು ಕಾಣುತ್ತವೆ. ಇದಕ್ಕೆ ಮೊದಲು ಕರ್ವ್ ಮಾಡಿ, ಆಮೇಲೆ ವೆಲ್ಡ್ ಮಾಡಿ. ಇಂಕ್‌ಸ್ಕೇಪಿನಲ್ಲಿ ಇದೇ ಯೂನಿಯನ್. ತುಂಡುಗಳು ಸೇರಿ ಒಂದೇ ಆಕಾರ ಆಗುತ್ತದೆ. ಕಾರಿನ ಗಾಜಿಗೆ ಸ್ಟಿಕ್ಕರ್ ಕತ್ತರಿಸುವವರಂತೂ ಇದನ್ನು ಮರೆಯಲೇಬಾರದು. ವೆಲ್ಡ್ ಆಗದ ಅಕ್ಷರವನ್ನು ಪ್ಲಾಟರ್, ಅಂದರೆ ಸ್ಟಿಕ್ಕರ್ ಕತ್ತರಿಸುವ ಯಂತ್ರ, ಒಳಗೂ ಕೊಯ್ಯುತ್ತದೆ, ಒತ್ತು ಕಿತ್ತು ಬರುತ್ತದೆ.

ಇಷ್ಟಾದ ಮೇಲೂ ಅಕ್ಷರದ ತುದಿಗಳಲ್ಲಿ ಮುಳ್ಳಿನಂತೆ ಗೆರೆ ಹೊರಗೆ ಚಾಚಿದ್ದರೆ, ಅದು ಗೆರೆ ಸೇರುವ ಮೂಲೆಯ ತೊಂದರೆ. ಕೋರಲ್‌ನಲ್ಲಿ ಎಫ್ 12 ಒತ್ತಿ, ಮೂಲೆಯನ್ನು ಚೂಪಿನಿಂದ ದುಂಡಗೆ ಬದಲಿಸಿ. ಅಲ್ಲೇ ಬಿಹೈಂಡ್ ಫಿಲ್ ಅಂತ ಇದೆ, ಅದಕ್ಕೂ ಟಿಕ್ ಹಾಕಿ. ಗೆರೆ ಅಕ್ಷರದ ಹಿಂದೆ ಹೋಗುತ್ತದೆ. ಅಕ್ಷರ ಸೊರಗುವುದಿಲ್ಲ.

ಕರ್ವ್ ಆದ ಅಕ್ಷರವನ್ನು ಬಿಡಿ ತುಂಡುಗಳಾಗಿ ಬಿಡಿಸಿದಾಗ ರ, ಠ ಇವುಗಳ ಒಳಗಿನ ಜಾಗ ಮುಚ್ಚಿಹೋಗುತ್ತದೆ. ಸೊನ್ನೆಯ ಹೊಟ್ಟೆ ತುಂಬಿಕೊಳ್ಳುತ್ತದೆ. ಒಳಗಿನ ಆಕಾರ, ಹೊರಗಿನ ಆಕಾರ ಎರಡನ್ನೂ ಆರಿಸಿ ಕಂಬೈನ್ ಮಾಡಿದರೆ ಸರಿಯಾಗುತ್ತದೆ. ಕೋರಲ್‌ನಲ್ಲಿ ಕಂಬೈನ್‌ಗೆ ಕಂಟ್ರೋಲ್ ಎಲ್, ಬಿಡಿಸಲು ಕಂಟ್ರೋಲ್ ಕೆ. ಇಲ್ಲಿ ಒಂದು ಎಚ್ಚರಿಕೆ. ಇಂಕ್‌ಸ್ಕೇಪಿನಲ್ಲಿ ಕಂಟ್ರೋಲ್ ಕೆ ಅಂದರೆ ಕಂಬೈನ್. ಕಂಟ್ರೋಲ್ ಎಲ್ ಅಂದರೆ ಸಿಂಪ್ಲಿಫೈ, ಅಂದರೆ ನೋಡ್‌ಗಳನ್ನು ಕಡಿಮೆ ಮಾಡುವುದು. ಕೋರಲ್ ಅಭ್ಯಾಸದಲ್ಲಿ ಅದನ್ನು ಒತ್ತಿದರೆ ಅಕ್ಷರದ ಮೂಲೆಗಳೆಲ್ಲ ಸವೆದುಹೋಗುತ್ತವೆ. ಕೂಡಲೇ ಕಂಟ್ರೋಲ್ ಜೆಡ್ ಒತ್ತಿ.

ಆಕಾರಕ್ಕೆ ಬಣ್ಣ ತುಂಬುತ್ತಿಲ್ಲವಾ? ಕೋರಲ್‌ನಲ್ಲಿ ಆದರೆ ಎಲ್ಲೋ ಗೆರೆ ಕೂಡಿಲ್ಲ. ಕಣ್ಣಿಗೆ ಕೂಡಿದಂತೆ ಕಂಡರೂ ಎರಡು ನೋಡ್ ಅಕ್ಕಪಕ್ಕ ಇರುತ್ತವೆ. ಶೇಪ್ ಟೂಲ್ ತೆಗೆದುಕೊಂಡು ಆ ಎರಡನ್ನೂ ಆರಿಸಿ ಜಾಯಿನ್ ಮಾಡಿ. ಇಂಥ ತಪ್ಪು ಹುಡುಕಲು ಬಣ್ಣ ತೆಗೆದು ಬರೀ ಗೆರೆ ನೋಡಬೇಕು. ಕೋರಲ್‌ನಲ್ಲಿ ವ್ಯೂ ಮೆನುವಿನ ವೈರ್‌ಫ್ರೇಮ್. ಇಲ್ಲಸ್ಟ್ರೇಟರಿನಲ್ಲಿ ಕಂಟ್ರೋಲ್ ವೈ. ಇಂಕ್‌ಸ್ಕೇಪಿನಲ್ಲಿ ಡಿಸ್‌ಪ್ಲೇ ಮೋಡ್ ಒಳಗೆ ಔಟ್‌ಲೈನ್. ಬಿಳಿ ಮೇಲೆ ಬಿಳಿಯಾಗಿ ಅಡಗಿರುವ ತುಂಡು, ಪುಟದ ಆಚೆ ಬಿದ್ದಿರುವ ಚುಕ್ಕೆ, ಒಂದರ ಮೇಲೊಂದು ಎರಡು ಸಲ ಪೇಸ್ಟ್ ಆದ ಚಿತ್ರ, ಎಲ್ಲವೂ ಅಲ್ಲಿ ಸಿಕ್ಕಿಬೀಳುತ್ತವೆ. ನನ್ನ ಪ್ರಕಾರ ಹೊಸದಾಗಿ ಕಲಿಯುವವರು ಮೊದಲು ರೂಢಿಸಿಕೊಳ್ಳಬೇಕಾದ್ದು ಈ ನೋಟವನ್ನೇ. ಫೈಲು ಭಾರವಾಗಿ ಸಿಸ್ಟಮ್ ನಿಧಾನ ಆದಾಗಲೂ ಈ ನೋಟದಲ್ಲಿ ಬೇಗ ಕೆಲಸ ಮಾಡಬಹುದು.

ವಿಸಿಟಿಂಗ್ ಕಾರ್ಡಿನ ಲೋಗೋವನ್ನು ಹತ್ತು ಅಡಿಯ ಬ್ಯಾನರಿಗೆ ಹಿಗ್ಗಿಸಿದಾಗ ಗೆರೆ ಕೂದಲಿನಷ್ಟೇ ಉಳಿಯುವುದುಂಟು. ಎಫ್ 12 ಕಿಟಕಿಯಲ್ಲೇ ಸ್ಕೇಲ್ ವಿತ್ ಆಬ್ಜೆಕ್ಟ್ ಇದೆ, ಹಿಗ್ಗಿಸುವ ಮೊದಲೇ ಟಿಕ್ ಹಾಕಿ. ಇಂಕ್‌ಸ್ಕೇಪಿನಲ್ಲಿ ಹಳೆಯ ಫೈಲಿನ ಅಳತೆ ಸ್ವಲ್ಪ ವ್ಯತ್ಯಾಸ ಬಂದರೆ ಅದಕ್ಕೂ ಕಾರಣ ಇದೆ. 2017ರಲ್ಲಿ ಬಂದ 0.92 ಆವೃತ್ತಿಯಲ್ಲಿ ಇಂಚಿಗೆ 90 ಪಿಕ್ಸೆಲ್ ಇದ್ದ ಲೆಕ್ಕವನ್ನು 96 ಮಾಡಿದರು. ಫೈಲು ತೆರೆಯುವಾಗ ಅದರ ಬಗ್ಗೆ ಕೇಳಿದರೆ ಓದಿ ಉತ್ತರಿಸಿ. ಚಿತ್ರದ ಜಾಗದಲ್ಲಿ ಫೋಟೋ ಮಾಯವಾಗಿದ್ದರೆ ಅದು ಲಿಂಕ್ ಮಾತ್ರ ಆಗಿತ್ತು, ಅಂದರೆ ಫೋಟೋ ಫೈಲಿನೊಳಗೆ ಇರಲಿಲ್ಲ. ಪೆನ್ ಡ್ರೈವಿಗೆ ಹಾಕುವಾಗ ಫೋಟೋವನ್ನೂ ಜೊತೆಗೆ ಹಾಕಿ, ಇಲ್ಲವೇ ಫೈಲಿನೊಳಗೇ ಎಂಬೆಡ್ ಮಾಡಿ.

ಬಣ್ಣದ ಬಗ್ಗೆ ಗಿರಾಕಿಗೆ ಮೊದಲೇ ಹೇಳಿಬಿಡಿ. ಪರದೆ ಬೆಳಕಿನಿಂದ ಬಣ್ಣ ತೋರಿಸುತ್ತದೆ, ಪ್ರೆಸ್ಸು ನಾಲ್ಕು ಶಾಯಿಯಲ್ಲಿ ಹಚ್ಚುತ್ತದೆ. ಹೊಳೆಯುವ ಹಸಿರು, ನವಿಲಿನ ನೀಲಿ ಕಾಗದದ ಮೇಲೆ ಅಷ್ಟು ಹೊಳೆಯುವುದಿಲ್ಲ. ಲಗ್ನಪತ್ರಿಕೆಯ ಸಣ್ಣ ಅಕ್ಷರಕ್ಕೆ ಕಪ್ಪು ಶಾಯಿ ಮಾತ್ರ ಇರಲಿ. ನಾಲ್ಕೂ ಶಾಯಿ ಸೇರಿದ ಕಪ್ಪು ಬಳಸಿದರೆ, ಅಚ್ಚು ಒಂದು ಎಳೆ ಸರಿದರೂ ಒತ್ತಕ್ಷರ ಮಸುಕಾಗುತ್ತದೆ.

ಕರೆಂಟ್ ಹೋಯಿತು ಅಂದುಕೊಳ್ಳಿ. ಕೋರಲ್ ಫೈಲು ಇದ್ದ ಫೋಲ್ಡರಿನಲ್ಲಿ ಬ್ಯಾಕಪ್ ಆಫ್ ಅಂತ ಶುರುವಾಗುವ ಫೈಲು ಇದೆಯಾ ನೋಡಿ. ಇದ್ದರೆ ಅದರಲ್ಲಿ ಹಿಂದಿನ ಕೆಲಸ ಸಿಗುತ್ತದೆ. ಟೂಲುಗಳೆಲ್ಲ ಎಲ್ಲೆಲ್ಲೋ ಹೋಗಿದ್ದರೆ, ಎಫ್ 8 ಒತ್ತಿ ಹಿಡಿದು ಕೋರಲ್ ತೆರೆಯಿರಿ, ಎಲ್ಲ ಮೊದಲಿನಂತೆ ಆಗುತ್ತದೆ. ನಿಮ್ಮ ಫೈಲು ಇನ್ನೊಂದು ಅಂಗಡಿಯ ಹಳೆಯ ಆವೃತ್ತಿಯಲ್ಲಿ ತೆರೆಯದಿದ್ದರೆ, ಸೇವ್ ಆ್ಯಸ್ ಕಿಟಕಿಯಲ್ಲಿ ಆವೃತ್ತಿ ಇಳಿಸಿ ಮತ್ತೆ ಸೇವ್ ಮಾಡಿ ಕೊಡಿ. ದುಡ್ಡು ಕೊಟ್ಟು ಸಾಫ್ಟ್‌ವೇರ್ ಕೊಳ್ಳಲಾಗದ ವಿದ್ಯಾರ್ಥಿಗಳು ಇಂಕ್‌ಸ್ಕೇಪಿನಲ್ಲಿ ಕಲಿಯಿರಿ. ಅದು ಉಚಿತ, ಯೂನಿಕೋಡ್ ಕನ್ನಡವನ್ನು ಚೆನ್ನಾಗಿ ಜೋಡಿಸುತ್ತದೆ.

ಫೈಲು ಕಳಿಸುವ ಮೊದಲು ಎ ಫೋರ್ ಹಾಳೆಯಲ್ಲಿ ಒಂದು ಪ್ರಿಂಟ್ ತೆಗೆಯಿರಿ. ಮನೆಯವರ ಕೈಗೇ ಕೊಟ್ಟು ಹೆಸರು, ತಾರೀಖು, ಮುಹೂರ್ತ, ಛತ್ರದ ವಿಳಾಸ ಓದಿಸಿ, ಸಹಿ ಹಾಕಿಸಿಕೊಳ್ಳಿ. ಅದಾದ ಮೇಲೆಯೇ ಕಂಟ್ರೋಲ್ ಕ್ಯೂ.

ನಮಸ್ಕಾರ.